ದಂಡ ಕಟ್ಟಬೇಕೋ, ಕೋರ್ಟಿಗೆ ಹೋಗಬೇಕೋ? 25 ರೂಪಾಯಿ ಕಾಲದಿಂದ ಇಲ್ಲಿಯವರೆಗೆ

ಬೈಕಿಗೆ ದಂಡ ಬಿದ್ದರೆ ನಮ್ಮ ಊರುಗಳಲ್ಲಿ ಎರಡೇ ಮಾತು. ‘ಕಟ್ಟಿ ಬಾರಪ್ಪ, ಪೀಡೆ ಕಳೀತು’ ಅನ್ನುವವರು ಒಂದು ಕಡೆ. ‘ಏನ್ ಮಾಡ್ತಾರೋ ನೋಡೇಬಿಡ್ತೀನಿ’ ಅಂತ ನೋಟಿಸ್ ಮಡಚಿ ಇಡುವವರು ಇನ್ನೊಂದು ಕಡೆ. ಮೂರನೆಯ ದಾರಿಯೂ ಇದೆ: ಕೋರ್ಟಿನಲ್ಲಿ ನಿಂತು ‘ನಾನು ತಪ್ಪು ಮಾಡಿಲ್ಲ’ ಎಂದು ಹೇಳುವುದು. ನಮ್ಮ ಹಿರಿಯರು ಆ ದಾರಿ ಹಿಡಿದದ್ದು ಕಡಿಮೆ. ಕಾಯ್ದೆಯ ಇತಿಹಾಸ ನೋಡಿದರೆ ಅದಕ್ಕೆ ಕಾರಣ ತಿಳಿಯುತ್ತದೆ.

ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಅದರ ಜಾಗಕ್ಕೆ 1939ರ ಕಾಯ್ದೆ ಬಂತು. ಅದರ 130ನೇ ಕಲಂ ಒಂದು ಅನುಕೂಲ ಮಾಡಿಕೊಟ್ಟಿತು. ಸಣ್ಣಪುಟ್ಟ ಕೇಸಿಗೆ ಸಮನ್ಸ್ ಬಂದರೆ ಕೋರ್ಟಿಗೆ ಅಲೆಯಬೇಕಾಗಿಲ್ಲ. ತಪ್ಪೊಪ್ಪಿಕೊಂಡು ರಿಜಿಸ್ಟರ್ ಕಾಗದ ಬರೆದು, ಕೋರ್ಟು ಹೇಳಿದ ಹಣ ಕಳಿಸಿದರೆ ಸಾಕು. ಆ ಹಣ 25 ರೂಪಾಯಿ ಮೀರುವಂತಿರಲಿಲ್ಲ. ಒಪ್ಪಿಕೊಳ್ಳುವುದು ಸುಲಭ, ವಾದ ಮಾಡುವುದು ದುಬಾರಿ. ಹೀಗಾಗಿ ‘ಕಟ್ಟಿ ಬಾ’ ಅನ್ನುವುದೇ ರೂಢಿಯಾಯಿತು.

ಈಗಿರುವುದು 1988ರ ಕಾಯ್ದೆ, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಕಾಗದ ಬರೆದು ಮನಿಯಾರ್ಡರ್ ಮಾಡುವ ಅವಕಾಶ ಇದರ 208ನೇ ಕಲಂನಲ್ಲಿದೆ. ನಮಗೆ ಹೆಚ್ಚು ಮುಖ್ಯವಾದದ್ದು 200ನೇ ಕಲಂ. ರಸ್ತೆಯಲ್ಲಿ ಪೊಲೀಸರು ಹಣ ಕಟ್ಟಿಸಿಕೊಂಡು ರಶೀದಿ ಕೊಡುವುದು ಈ ಕಲಂ ಪ್ರಕಾರ. ಆ ರಶೀದಿ ಕೋರ್ಟಿನ ತೀರ್ಪಲ್ಲ, ಒಂದು ರಾಜಿ. ನೀವು ಒಪ್ಪಿ ಕಟ್ಟಿದರೆ ಕೇಸು ಅಲ್ಲಿಗೆ ಮುಗಿಯುತ್ತದೆ. ಒಪ್ಪದಿದ್ದರೆ ತೀರ್ಮಾನಿಸಬೇಕಾದವರು ನ್ಯಾಯಾಧೀಶರು. ಕುಡಿದು ಓಡಿಸಿದ್ದು, 18 ತುಂಬದ ಮಕ್ಕಳ ಕೈಗೆ ಬೈಕು ಕೊಟ್ಟದ್ದು ಮಾತ್ರ ಈ ರಾಜಿಯ ಪಟ್ಟಿಯಲ್ಲೇ ಇಲ್ಲ.

2019ರ ಸೆಪ್ಟೆಂಬರ್ 1ಕ್ಕೆ ಲೆಕ್ಕ ಬದಲಾಯಿತು. ಕೇಂದ್ರದ ತಿದ್ದುಪಡಿಯಿಂದ, ಡಿಎಲ್ ಇಲ್ಲದೆ ಓಡಿಸಿದರೆ 500 ಇದ್ದದ್ದು 5,000 ಆಯಿತು. ಹೆಲ್ಮೆಟ್ ಇಲ್ಲದಿದ್ದರೆ 100 ಇದ್ದದ್ದು 1,000. ಜನ ಬೈದರು. ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಕೆಲವು ದಂಡ ಇಳಿಸಿತು, ಹೆಲ್ಮೆಟ್‌ಗೆ 500 ಮಾಡಿತು. ಆದರೆ ಇಳಿದದ್ದು ರಾಜಿಯ ಮೊತ್ತ. ಕೋರ್ಟಿನಲ್ಲಿ ಸೋತರೆ ಕಾಯ್ದೆಯಲ್ಲಿರುವ 1,000 ಬೀಳಬಹುದು.

ಅದೇ ತಿದ್ದುಪಡಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಮಾತಿದೆ. ರಾಜಿಯಾಗಿ ಹಣ ಕಟ್ಟಿದರೂ ಅದನ್ನು ಹಿಂದೆ ಮಾಡಿದ ತಪ್ಪು ಎಂದೇ ಲೆಕ್ಕ ಹಿಡಿಯುತ್ತಾರೆ. ಅದೇ ತಪ್ಪು ಮತ್ತೆ ಆದರೆ ಎರಡನೇ ಸಲದ ದಂಡ. 177ನೇ ಕಲಂನಲ್ಲಿ ಮೊದಲ ಸಲ 500ರವರೆಗೆ, ಆಮೇಲೆ 1,500ರವರೆಗೆ. ಮಾಡದ ತಪ್ಪಿಗೆ ಕಟ್ಟಿದರೆ ಪೀಡೆ ಪೂರ್ತಿ ಕಳೆಯುವುದಿಲ್ಲ.

2021ರ ಆಗಸ್ಟ್‌ನಲ್ಲಿ ಕ್ಯಾಮೆರಾಕ್ಕೂ ನಿಯಮ ಬಂತು. ಕ್ಯಾಮೆರಾಕ್ಕೆ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆ ಎಂಬ ಬೋರ್ಡು ರಸ್ತೆಯಲ್ಲಿ ಕಾಣಬೇಕು, 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದು ಅದು ಹೇಳಿತು. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲೇ ಕೆಲವು ದಿನಗಳಲ್ಲಿ 100 ಕೋಟಿಗೂ ಹೆಚ್ಚು ಹಣ ಬಂತು. ಆ ದಂಡಗಳಲ್ಲಿ ಸರಿಯಾದವು ಎಷ್ಟು, ತಪ್ಪಾದವು ಎಷ್ಟು ಎಂದು ರಿಯಾಯಿತಿ ಕೇಳುವುದಿಲ್ಲ. ಅದನ್ನು ಕೇಳುವ ಜಾಗ ಕೋರ್ಟು.

ಹಾಗಾದರೆ ಹೋಗಬೇಕೋ ಬೇಡವೋ? ಮೊದಲು ನೋಟಿಸಿನ ಫೋಟೊ ನೋಡಿ. ನಂಬರ್ ನಿಮ್ಮದೇ? ಬೈಕು ನಿಮ್ಮದೇ? ಆ ದಿನ ಆ ಊರಿನಲ್ಲಿ ಇದ್ದಿರಾ? ಮಾರಿದ ಬೈಕಿನ ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲೇ ಇದ್ದರೆ ನೋಟಿಸ್ ನಿಮ್ಮ ಮನೆಗೇ ಬರುತ್ತದೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 50ನೇ ಕಲಂ ಹೇಳುತ್ತದೆ.

ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿಬಿಡಿ. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ ಎಲ್ಲ ಖರ್ಚೇ. ತಪ್ಪು ನಿಮ್ಮದಲ್ಲ, ಕೈಯಲ್ಲಿ ದಾಖಲೆ ಇದೆ, ದಂಡವೂ ದೊಡ್ಡದು ಎಂದಾದರೆ ಹೋಗಿ. ನೋಟಿಸಿನಲ್ಲಿರುವ ಗಡುವು ಮಾತ್ರ ದಾಟಿಸಬೇಡಿ. ವಕೀಲರಿಲ್ಲದೆ ನಿಮ್ಮ ಮಾತು ನೀವೇ ಹೇಳಬಹುದು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಸಹಾಯವಾಣಿ 15100.

ನೋಟಿಸ್ ಮಡಚಿ ಇಟ್ಟು ಸುಮ್ಮನಿರುವುದು ಮಾತ್ರ ದಾರಿಯಲ್ಲ. 25 ರೂಪಾಯಿ ಕಾಲದಲ್ಲೂ ಕಾಯ್ದೆ ಎರಡೇ ಉತ್ತರ ಕೇಳಿತ್ತು: ಒಪ್ಪುತ್ತೀರಾ, ಇಲ್ಲವಾ? ಇಂದಿಗೂ ಕೇಳುವುದು ಅದನ್ನೇ.