ಆಗಸ್ಟ್ 20 ಮತ್ತು ಬೀಚನಹಳ್ಳಿಯ ನೀರು

ನಮ್ಮ ಕೇರಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಜೂನ್ ಒಂದನೇ ತಾರೀಖು ಹುಟ್ಟಿದವರೇ. ಅಪ್ಪ ಜೂನ್ 1, ಮಗ ಜೂನ್ 1, ಪಕ್ಕದ ಗುಡಿಸಲ ಹುಡುಗಿಯೂ ಜೂನ್ 1. ಸ್ಕೂಲು ಬಾಗಿಲು ತೆಗೆದ ದಿನವನ್ನೇ ಮೇಷ್ಟ್ರು ರಿಜಿಸ್ಟರಿನಲ್ಲಿ ನಮ್ಮ ಹುಟ್ಟಿದ ದಿನವೆಂದು ಬರೆದುಕೊಂಡರು. ಅವ್ವನನ್ನು ಕೇಳಿದರೆ, “ಹೊಳೆ ಉಕ್ಕಿದ ವರ್ಸ, ರಾಗಿ ಕುಯ್ಲಲ್ಲಿ ಹುಟ್ದೆ ಕಣ್ ಮಗ” ಅನ್ನುತ್ತಾಳೆ. ಅವ್ವನ ಲೆಕ್ಕ ಸುಳ್ಳಲ್ಲ. ಆದರೆ ಅದಕ್ಕೆ ಮೊಹರಿಲ್ಲ. ಮೊಹರಿಲ್ಲದ್ದು ಕಚೇರಿಯಲ್ಲಿ ನಡೆಯುವುದಿಲ್ಲ, ಚರಿತ್ರೆಯಲ್ಲೂ ನಡೆಯುವುದಿಲ್ಲ.

ಚರಿತ್ರೆ ಅಂತ ನಮಗೆ ಓದಿಸಿದ್ದೆಲ್ಲ ತಾರೀಖು ಇದ್ದವರ ಚರಿತ್ರೆ. ರಾಜ ಹುಟ್ಟಿದ ದಿನ, ಪಟ್ಟವೇರಿದ ದಿನ, ಸತ್ತ ದಿನ. ಬಾಯಿಪಾಠ ಮಾಡಿ ಒಪ್ಪಿಸಿದ್ದೇವೆ. ಈಗ ನಾವೂ ಒಂದು ತಾರೀಖನ್ನು ಕೈಗೆತ್ತಿಕೊಂಡು, ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ನೋಡೋಣ ಅನ್ನಿಸಿತು. ಆ ತಾರೀಖು ಆಗಸ್ಟ್ 20. ನಮ್ಮ ಸೀಮೆಯವರೇ ಆದ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ವರ್ಷವರ್ಷವೂ ಆ ದಿನ ಕಚೇರಿಗಳಲ್ಲಿ ಅವರ ಫೋಟೋಕ್ಕೆ ಹಾರ ಬೀಳುತ್ತದೆ. ಹಾರ ಹಾಕುವವರ ಜೊತೆ ನಮ್ಮ ಜಗಳವಿಲ್ಲ. ಆದರೆ ಅರಸು ಅವರ ಬಳಿಗೆ ಹೋಗುವ ಮುಂಚೆ ಅದೇ ತಾರೀಖಿನ ಹಳೆಯ ಪುಟಗಳನ್ನೂ ತಿರುವಿ ಹಾಕುವುದು ಒಳ್ಳೆಯದು.

1828ರ ಆಗಸ್ಟ್ 20. ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು ಬ್ರಹ್ಮಸಭೆಯನ್ನು ಶುರು ಮಾಡಿದರು. ಮುಂದೆ ಅದೇ ಬ್ರಹ್ಮಸಮಾಜ. ದೇವರೊಬ್ಬನೇ, ವಿಗ್ರಹ ಬೇಡ ಎಂದರು. ರಾಯರು ಸತಿಪದ್ಧತಿಯ ವಿರುದ್ಧ ಹೋರಾಡಿದರು. 1829ರಲ್ಲಿ ಅದು ಕಾನೂನಿನಿಂದ ನಿಂತಿತು. ಉರಿಯುವ ಚಿತೆಯಿಂದ ಹೆಣ್ಣನ್ನು ಎಳೆದು ತಂದ ಆ ಕೆಲಸಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದೇ ಸಭೆಯ ಮೊದಲ ದಿನಗಳಲ್ಲಿ ವೇದ ಓದುವ ಕೋಣೆಯೊಳಗೆ ಶೂದ್ರರಿಗೆ ಪ್ರವೇಶವಿರಲಿಲ್ಲ. ಶೂದ್ರನಿಗೇ ಇಲ್ಲದ ಮೇಲೆ ನಮ್ಮ ಮಾತೇನು ಬಂತು? ಇಂಡಿಯಾದ ‘ನವೋದಯ’ದ ಬಾಗಿಲಲ್ಲೂ ಹೊಸ್ತಿಲಿತ್ತು ಎಂಬುದನ್ನು ನಾವು ಮರೆಯಬಾರದು.

1917ರ ಆಗಸ್ಟ್ 20. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಾಂಟೆಗೂ ಎಂಬ ಮಂತ್ರಿ, ಇಂಡಿಯಾಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುತ್ತೇವೆ ಎಂದು ಘೋಷಿಸಿದ. ಕೊಡುವುದೇನೋ ಸರಿ, ಯಾರ ಕೈಗೆ? 1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಈ ಪ್ರಶ್ನೆಯನ್ನು ಕೇಳಿದವರು ಬಾಬಾಸಾಹೇಬ ಅಂಬೇಡ್ಕರ್. ಅಸ್ಪೃಶ್ಯರ ಪರವಾಗಿ ಅಸ್ಪೃಶ್ಯರೇ ಕೂರಬೇಕು, ಬೇರೆಯವರು ನಮ್ಮ ಬಾಯಾಗಲಾರರು ಎಂಬುದು ಅವರ ವಾದ. ಮೈಸೂರು ರಾಜರ ಸೀಮೆಯಾದ್ದರಿಂದ ಮಾಂಟೆಗೂ ಮಾತು ಇಲ್ಲಿಗೆ ನೇರವಾಗಿ ತಾಗಲಿಲ್ಲ. ಆದರೂ ಅದೇ ಕಾಲದ ಗಾಳಿ ಇಲ್ಲೂ ಬೀಸುತ್ತಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ದಾರಿ ಹುಡುಕಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿ ಬಿಟ್ಟರು. ಆಗ ಕಲ್ಲಹಳ್ಳಿಯ ಹುಡುಗನಿಗೆ ಮೂರು ವರ್ಷ. ಮಿಲ್ಲರ್ ಸಮಿತಿ ಹಾಕಿದ ದಾರಿಯಲ್ಲೇ ಮುಂದೆ ಅವನು ಹಾವನೂರು ಆಯೋಗವನ್ನು ಕರೆದುಕೊಂಡು ಬರುವವನಿದ್ದ.

1921ರ ಆಗಸ್ಟ್ 20. ಇದು ನಮಗೆ ದೂರದ್ದಲ್ಲ. ಬೀಚನಹಳ್ಳಿಯಲ್ಲಿ ನಿಂತಿರುವ ಕಪಿಲೆಯ ನೀರು ಬರುವುದು ವಯನಾಡಿನಿಂದ. ಆಗ ವಯನಾಡು ಮಲಬಾರ್ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ತಿರೂರಂಗಾಡಿಯಲ್ಲಿ ಅಲಿ ಮುಸ್ಲಿಯಾರರನ್ನು ಹಿಡಿಯಲು ಪೊಲೀಸರೂ ಸಿಪಾಯಿಗಳೂ ನುಗ್ಗಿದರು. ಅಂದೇ ಮಾಪಿಳ್ಳೆಗಳ ದಂಗೆ ಹತ್ತಿಕೊಂಡಿತು. ಮೇಲಕ್ಕೆ ಕಾಣುತ್ತಿದ್ದದ್ದು ಖಿಲಾಫತ್ತಿನ ಸಿಟ್ಟು. ಅದರ ಕೆಳಗಿದ್ದದ್ದು ಜನ್ಮಿಗಳು ಎಂಬ ಭೂಮಾಲೀಕರ ಕೈಲಿ ಗೇಣಿದಾರ ತಲೆತಲಾಂತರದಿಂದ ಉಂಡ ನೋವು. ಆ ದಂಗೆಯಲ್ಲಿ ಅಮಾಯಕ ಹಿಂದೂಗಳೂ ಸತ್ತರು, ಬಲವಂತದ ಮತಾಂತರವೂ ನಡೆಯಿತು. ಅದನ್ನು ನಾವು ಮುಚ್ಚಿಡುವುದಿಲ್ಲ. ಬ್ರಿಟಿಷರ ಪಡೆ ಸಾವಿರಾರು ಜನರನ್ನು ಕೊಂದಿತು. ಆ ನವೆಂಬರಿನಲ್ಲಿ ಕೈದಿಗಳನ್ನು ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಾಗಿಲು ಜಡಿದು ಕಳಿಸಿದಾಗ 60ಕ್ಕೂ ಹೆಚ್ಚು ಜನ ಉಸಿರುಕಟ್ಟಿ ಸತ್ತರು. ಉಳುವವನಿಗೆ ನೆಲದ ಮೇಲೆ ಹಕ್ಕಿಲ್ಲದ ಕಡೆ ಸಿಟ್ಟು ಯಾವ ದಾರಿಯಲ್ಲಾದರೂ ಹರಿಯುತ್ತದೆ. ಅದಕ್ಕೆ ಸರಿಯಾದ ಕಾಲುವೆ ತೋಡದಿದ್ದರೆ ಬಡವನ ಮನೆಯನ್ನೇ ಮೊದಲು ಕೊಚ್ಚುತ್ತದೆ.

ಆ ಕಾಲುವೆ ತೋಡಲು ಹೊರಟವರು ಅರಸು. ಸಂಖ್ಯೆಯಲ್ಲಿ ಹಿಡಿಯಷ್ಟಿರುವ ಜಾತಿಯಲ್ಲಿ ಹುಟ್ಟಿ, ಹುಣಸೂರಿನಿಂದ ಶಾಸಕರಾಗಿ, 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಅಲ್ಲಿತನಕ ವಿಧಾನಸೌಧದ ಬಾಗಿಲು ಎರಡು ದೊಡ್ಡ ಜಾತಿಗಳಿಗೆ ಮಾತ್ರ ಸಲೀಸಾಗಿ ತೆರೆಯುತ್ತಿತ್ತು. ಕುರುಬ, ಈಡಿಗ, ಬೆಸ್ತ, ಕುಂಬಾರ, ಅಗಸ, ಹಜಾಮ ಎಂದು ಕೂಗಿ ಕರೆಯುವುದಷ್ಟೇ ಗೊತ್ತಿದ್ದ ಜನರನ್ನು ಅವರು ಲೆಕ್ಕಕ್ಕೆ ತಂದರು. 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಬೀದಿಯಲ್ಲಿ ಸುಟ್ಟವರು ಯಾರು, ಅದರಿಂದ ಓದು ಕಂಡವರು ಯಾರು ಎಂಬುದನ್ನು ನಮ್ಮ ಸೀಮೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅರಸು ಅವರ ದೊಡ್ಡ ಕೆಲಸ ಭೂಸುಧಾರಣೆ. ತಿದ್ದುಪಡಿಯಾದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ದಿನಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ್ದಾಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿ, ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ಹೋಗಿ, ಈ ನೆಲ ನಾನು ಉತ್ತದ್ದು ಎಂದು ಹೇಳಬೇಕಿತ್ತು. ಮಂಡಳಿಯಲ್ಲಿ ಅಧಿಕಾರಿಯ ಜೊತೆ ಜನರ ನಡುವಿನವರೂ ಕೂರುತ್ತಿದ್ದರು, ಅವರಲ್ಲೊಬ್ಬರು ನಮ್ಮವರು. ಮೊದಲಿಗೆ ಅಲ್ಲಿಗೆ ಲಾಯರುಗಳಿಗೆ ಪ್ರವೇಶವಿರಲಿಲ್ಲ. ಕರೀಕೋಟಿನ ಮಾತಿನ ಮುಂದೆ ಬಡವನ ಬಾಯಿ ಕಟ್ಟುತ್ತದೆ ಎಂಬುದು ಗೊತ್ತಿದ್ದವರು ಬರೆದ ಕಾನೂನು ಅದು. ಲಕ್ಷಾಂತರ ಕುಟುಂಬಗಳು ಗೇಣಿಯ ನೊಗದಿಂದ ಬಿಡುಗಡೆಯಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಸೀಮೆಗಳಲ್ಲಿ ಊರಿನ ಚಹರೆಯೇ ಬದಲಾಯಿತು.

ಇಷ್ಟು ಹೇಳಿದ ಮೇಲೆ ಬೀಚನಹಳ್ಳಿಗೆ ಬನ್ನಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಈ ಊರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಒಬ್ಬ ಅಜ್ಜನನ್ನು, “ಅರಸು ಕಾಲ್ದಲ್ಲಿ ನಿಮ್ಗೆ ಭೂಮಿ ಬಂತಾ ಅಜ್ಜ?” ಎಂದು ಕೇಳಿದೆವು. ಅಜ್ಜ ನಕ್ಕ. “ಉತ್ತೋನು ನಾನೇ ಕನಪ್ಪ. ಆದ್ರೆ ನಾನು ಗೇಣಿಗೆ ಇರ್ನಿಲ್ಲ, ಜೀತಕ್ಕಿದ್ದೆ. ಜೀತದೋನಿಗೆ ಯಾವ ಫಾರಮ್ಮು?” ಎಂದ.

ಈ ಒಂದು ಮಾತಿನಲ್ಲಿ ಭೂಸುಧಾರಣೆಯ ಅರ್ಧ ಚರಿತ್ರೆ ಇದೆ. ಕಾನೂನು ಗೇಣಿದಾರನನ್ನು ಕಂಡಿತು. ನಮ್ಮ ಸೀಮೆಯ ಹೊಲೆಯ ಮಾದಿಗರಲ್ಲಿ ಗೇಣಿದಾರರೆಷ್ಟು ಮಂದಿ? ಮದುವೆ ಸಾಲಕ್ಕೋ ಹಸಿವಿನ ಸಾಲಕ್ಕೋ ಮಗನನ್ನು ಜೀತಕ್ಕಿಟ್ಟವರೇ ಹೆಚ್ಚು. ಜೀತದಾಳಿನ ಹೆಸರು ಪಹಣಿಯಲ್ಲಿ ಬರುವುದಿಲ್ಲ, ಗೌಡನ ಸಾಲದ ಪುಸ್ತಕದಲ್ಲಿ ಬರುತ್ತದೆ. ಇನ್ನು ಮಿತಿಮೀರಿದ ಭೂಮಿ ಹಂಚುವ ಮಾತು. ಕಾನೂನಿನ ಮಿತಿ ಒಂದು ಕುಟುಂಬಕ್ಕೆ 10 ಯೂನಿಟ್. ಮಳೆ ನಂಬಿದ ಒಣಭೂಮಿಯಾದರೆ ಅದು 54 ಎಕರೆಯವರೆಗೆ ಹೋಗುತ್ತಿತ್ತು. ಅಷ್ಟು ದೊಡ್ಡ ಜರಡಿಯಲ್ಲಿ ಕೆಳಕ್ಕೆ ಬಿದ್ದದ್ದು ಬಹಳ ಕಮ್ಮಿ.

ಅದೇ 1974ರಲ್ಲಿ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಬಿನಿ ಕಟ್ಟೆ ಎದ್ದು ನಿಂತಿತು. 19.52 ಟಿಎಂಸಿ ನೀರು, ಸಮುದ್ರಮಟ್ಟದಿಂದ 2,284 ಅಡಿ. ಈ ಅಂಕಿಗಳನ್ನು ಮಳೆಗಾಲದ ಪೇಪರಿನಲ್ಲಿ ದಿನವೂ ಓದುತ್ತೇವೆ. ಆ ನೀರಿನ ಕೆಳಗೆ ಏನಿದೆ ಎಂಬುದನ್ನು ಯಾವ ಪೇಪರೂ ದಿನವೂ ಬರೆಯುವುದಿಲ್ಲ. ಪುನ್ನಾಟ ರಾಜರ ರಾಜಧಾನಿ ಕೀರ್ತಿಪುರ, ಅಂದರೆ ನಮ್ಮ ಕಿತ್ತೂರು, ಅಲ್ಲಿದೆ. ಕಾಕನಕೋಟೆಯ ಕಾಡಿದೆ. ಮಹಾರಾಜರ ಅತಿಥಿಗಳಿಗಾಗಿ ಆನೆ ಹಿಡಿಯುತ್ತಿದ್ದ ಖೆಡ್ಡಾದ ಜಾಗವಿದೆ; 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆ ಆನೆಗಳನ್ನು ಪಳಗಿಸಿದ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ರಾಜರಿಗೆ ಶಾಸನವುಂಟು, ಖೆಡ್ಡಾಕ್ಕೆ ಫೋಟೋ ಉಂಟು. ಹಾಡಿಗೆ ಏನುಂಟು?

1894ರ ಭೂಸ್ವಾಧೀನ ಕಾಯ್ದೆಯ ಕಣ್ಣಿಗೆ ಖಾತೆ ಇದ್ದವನೇ ಮನುಷ್ಯ. ಖಾತೆದಾರ ಪರಿಹಾರಕ್ಕೆ ಅಲೆದ, ಸಾಲದೆಂದು ಕೋರ್ಟಿಗೂ ಹೋಗಬಹುದಿತ್ತು. ಖಾತೆಯಿಲ್ಲದ ಜೀತದಾಳು, ಕೂಲಿಯವನು, ಕಾಡಿನ ಗೆಡ್ಡೆಗೆಣಸು ಜೇನಿನ ಮೇಲೆ ಬದುಕಿದವನು ಗಂಟು ಕಟ್ಟಿಕೊಂಡು ಎದ್ದು ನಡೆದ. ಒಂದು ಕಡೆ ನೀರು, ಇನ್ನೊಂದು ಕಡೆ 1972ರ ವನ್ಯಜೀವಿ ಕಾಯ್ದೆ. ಕಾಡಿನವನು ಕಾಡಿನಲ್ಲೂ ಇರುವ ಹಾಗಿಲ್ಲ ಎಂದಾಯಿತು. ಉಳುವವನೇ ಹೊಲದೊಡೆಯ ಎಂದು ಸಾರಿದ ಕಾಲದಲ್ಲೇ ಉಳುವವನ ಕಾಲ ಕೆಳಗಿನ ನೆಲ ನೀರಾಯಿತು. ಆ ನೀರು ಕೆಳಗಿನೂರುಗಳ ಗದ್ದೆಗೆ ಹರಿಯಿತು, ಬೆಳೆದವರು ಉಂಡರು. ಒಳ್ಳೆಯದೇ. ಆದರೆ ಆ ಅನ್ನದಲ್ಲಿ ನಮ್ಮ ಒಲೆಯ ಬೂದಿಯೂ ಬೆರೆತಿದೆ.

ಅರಸು ಅವರನ್ನು ತೂಗುವಾಗ ಎರಡೂ ತಟ್ಟೆಗೆ ಹಾಕಬೇಕು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡದ ಬಹುಪಾಲು ಸಾಹಿತ್ಯವನ್ನು ಬೂಸಾ ಎಂದಾಗ ಊರೆಲ್ಲ ಹೊತ್ತಿ ಉರಿಯಿತು. ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಅರಸು ಅವರ ಸರ್ಕಾರದಲ್ಲಿ ಕುರ್ಚಿ ಕಳೆದುಕೊಂಡವರು ಬಸವಲಿಂಗಪ್ಪನವರು, ಹೊಡೆದವರಲ್ಲ. ಆ ಏಟಿನಿಂದಲೇ ದಲಿತ ಚಳವಳಿ ಎದ್ದು ನಿಂತಿತು. ಮತ್ತೊಂದು ತಟ್ಟೆಯಲ್ಲಿ, ನಮಗೆ ಮಂಜೂರಾದ ಭೂಮಿಯನ್ನು ಹೆಂಡ ಕುಡಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡವರಿಂದ ವಾಪಸು ಕೊಡಿಸುವ 1978ರ ಕಾಯ್ದೆಯೂ ಅವರ ಕಾಲದ್ದೇ. ಅದು 1979ರ ಜನವರಿ 1ರಿಂದ ಜಾರಿಯಾಯಿತು. ಈ ಕಾಯ್ದೆಯಡಿ ಕೇಳುವುದು ತಡವಾಯಿತು ಎಂಬ ನೆಪದಲ್ಲಿ ಕೋರ್ಟುಗಳು ನಮ್ಮವರ ಅರ್ಜಿಗಳನ್ನು ತಳ್ಳಿಹಾಕಿದಾಗ ಮತ್ತೆ ಬೀದಿಗಿಳಿಯಬೇಕಾಯಿತು. 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ಅಡ್ಡಿ ತೆಗೆದರು.

1944ರ ಆಗಸ್ಟ್ 20ರಂದು ಹುಟ್ಟಿದವರು ರಾಜೀವ್ ಗಾಂಧಿ. ಹಾಗಾಗಿ ಆ ದಿನ ಒಂದೇ ಮೇಜಿನ ಮೇಲೆ ಎರಡು ಫೋಟೋ ಕೂರುವುದುಂಟು. 1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ ಅರಸು, ಮರುವರ್ಷವೇ ಅವರ ಪಕ್ಷದಿಂದ ಹೊರಬಿದ್ದರು. 1982ರ ಜೂನ್ 6ರಂದು ತೀರಿಕೊಂಡಾಗ ಅಧಿಕಾರ ಕೈಲಿರಲಿಲ್ಲ. ಬದುಕಿದ್ದಾಗ ಆಚೆಗೆ ಹಾಕಿ, ಸತ್ತ ಮೇಲೆ ಒಂದೇ ಹಾರದಲ್ಲಿ ಮುಗಿಸುವುದು ಈ ದೇಶದ ಹಳೇ ಚಾಳಿ.

ಆ ತಾರೀಖಿನಲ್ಲಿ ಒಂದು ಸಾವೂ ಇದೆ. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯ ಸೇತುವೆಯ ಮೇಲೆ ವಾಕಿಂಗ್ ಹೋಗುತ್ತಿದ್ದ ಡಾಕ್ಟರ್ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. ಮೂಢನಂಬಿಕೆಯ ವಿರುದ್ಧ ಕಾನೂನು ಬೇಕೆಂದು ಅವರು ವರ್ಷಗಟ್ಟಲೆ ಕೇಳಿದ್ದರು. ಅದು ಬಂದದ್ದು ಅವರ ಹೆಣ ಬಿದ್ದ ಮೇಲೆ. 2024ರಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಚಂದ್ರಗುತ್ತಿಯ ಬೆತ್ತಲೆಸೇವೆಯನ್ನು 1986ರಲ್ಲಿ ತಡೆಯಲು ಹೋದ ನಮ್ಮವರಿಗೆ ದಾಭೋಲ್ಕರ್ ಹೊರಗಿನವರಲ್ಲ. ನಮ್ಮ ಹೆಣ್ಣುಮಕ್ಕಳ ಮೈಮೇಲಿನ ಬಟ್ಟೆಯನ್ನು ದೇವರ ಹೆಸರಿನಲ್ಲಿ ಕಿತ್ತುಕೊಳ್ಳುವವರೂ, ನಮ್ಮ ನೆಲವನ್ನು ದಾಖಲೆಯ ಹೆಸರಿನಲ್ಲಿ ಕಿತ್ತುಕೊಳ್ಳುವವರೂ ಬಂಧುಗಳೇ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ರೈತನಲ್ಲದ ದುಡ್ಡಿನವನೂ ಹೊಲ ಕೊಳ್ಳಬಹುದು ಎಂದು ಮಾಡಿದರು. 1974ರಲ್ಲಿ ಹಾಕಿದ ಬೇಲಿಗೆ ದಿಡ್ಡಿ ಬಾಗಿಲು ಇಟ್ಟರು. ಕಬಿನಿಯ ಹಿನ್ನೀರಿನ ದಡದಲ್ಲಿ ಈಗ ರೆಸಾರ್ಟುಗಳಿವೆ. ನೀರು ನೋಡಲು ದುಡ್ಡು ಕೊಟ್ಟು ಬರುತ್ತಾರೆ. ನೀರಿನ ಕೆಳಗಿನ ಊರಿನವರ ಮಕ್ಕಳು ಕೊಡಗಿನ ಕಾಫಿತೋಟಕ್ಕೆ ಕೂಲಿಗೆ ಹೋಗುತ್ತಾರೆ.

ಆದ್ದರಿಂದ ನಾವು ಹೇಳುವುದಿಷ್ಟೆ. ಆಗಸ್ಟ್ 20 ಹಾರದ ದಿನವಾಗಿ ಉಳಿಯಬಾರದು, ಲೆಕ್ಕದ ದಿನವಾಗಬೇಕು. ಅಂದು ತಾಲ್ಲೂಕುತಾಲ್ಲೂಕಿನಲ್ಲೂ ಬಾಗಿಲು ತೆಗೆದು, ಯಾರಿಗೆ ಸಾಗುವಳಿ ಚೀಟಿ ಸಿಕ್ಕಿತು, ಯಾರದು ಬಾಕಿ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಯಾವ ಹಾಡಿಗೆ ಹಕ್ಕುಪತ್ರ ಬಂತು, ಯಾವ ಹಾಡಿಗೆ ಬರಲಿಲ್ಲ, ಜೀತ ಬಿಟ್ಟವನಿಗೆ ಎಷ್ಟು ಗುಂಟೆ ಕೊಟ್ಟಿರಿ ಎಂಬುದನ್ನು ಜನರ ಮುಂದೆ ಓದಿ ಹೇಳಲಿ. ಭೂಮಿ ಕೊಡಬೇಕೆಂದು ಹೊರಟ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹಾರ ಯಾವುದಿದೆ?

ಟೀ ಅಂಗಡಿಯಿಂದ ಏಳುವಾಗ ಅಜ್ಜನಿಗೆ ವಯಸ್ಸೆಷ್ಟೆಂದು ಕೇಳಿದೆವು. “ಯಾರಿಗ್ ಗೊತ್ತು ಮಗ. ಕಟ್ಟೆ ಕಟ್ಟುವಾಗ ನಂಗೆ ಮದ್ವೆ ಆಗಿತ್ತು” ಎಂದು ನೀರಿನ ಕಡೆ ಕೈ ತೋರಿಸಿದ. ಅವನ ಕಾರ್ಡಿನಲ್ಲೂ ಹುಟ್ಟಿದ ದಿನ ಜೂನ್ 1 ಅಂತಲೇ ಇತ್ತು. ಆ ನೀರಿನ ಕೆಳಗಿರುವ ಊರುಗಳ ಹೆಸರು, ಹಾಡಿಗಳ ಹೆಸರು, ಅಲ್ಲಿಂದ ಎದ್ದುಹೋದವರ ಹೆಸರು ಇನ್ನೂ ಇಂಥ ಅಜ್ಜಂದಿರ ಬಾಯಲ್ಲಿವೆ. ಮೊಹರು ಇಲ್ಲದಿದ್ದರೂ ಸರಿ, ಅವರಿರುವಾಗಲೇ ನಾವು ಬರೆದುಕೊಳ್ಳಬೇಕು.