ಎರಡನೇ ಸಲ ಆಪರೇಷನ್ ಟೇಬಲ್‌ಗೆ: ತೂಕ ಇಳಿಸೋ ಸರ್ಜರಿಯ 70 ವರ್ಷದ ಕಥೆ

(1)
ತೂಕ ಇಳಿಸೋಕೆ ಆಪರೇಷನ್ ಮಾಡಿಸ್ಕೊಂಡವರು 10-15 ವರ್ಷ ಆದ್ಮೇಲೆ ಮತ್ತೆ ಡಾಕ್ಟರ್ ಹತ್ರ ಹೋಗಿ "ಇನ್ನೊಂದು ಸಲ ಮಾಡ್ಬಹುದಾ?" ಅಂತ ಕೇಳಿದ್ರೆ ನಮಗೆ ಥಟ್ ಅಂತ ಏನನ್ಸುತ್ತೆ? ತಿಂದು ತಿಂದು ಮತ್ತೆ ದಪ್ಪ ಆಗಿರ್ತಾರೆ ಬಿಡು. ನೀವೂ ಹಾಗೇ ಅಂದ್ಕೊಂಡಿದ್ರೆ ಈ ವಾರದ ಸರಣಿ ನಿಮಗೇ. ಇತಿಹಾಸ ತೆಗೆದು ನೋಡಿದ್ರೆ ಎಷ್ಟೋ ಕಡೆ ಸೋತಿದ್ದು ಮನುಷ್ಯ ಅಲ್ಲ, ಆ ಕಾಲದ ಆಪರೇಷನ್ನು.

ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ.

(2)
ಶುರು ಅಮೆರಿಕದಲ್ಲಿ. 1954ರಲ್ಲಿ ಮಿನ್ನೆಸೋಟಾದ ಕ್ರೆಮೆನ್, ಲಿನ್ನರ್ ಮತ್ತು ಜೊತೆಗಾರರು ಸಣ್ಣ ಕರುಳಿನ ಬಹುಭಾಗವನ್ನ ಪಕ್ಕಕ್ಕಿಟ್ಟು ಊಟಕ್ಕೆ ಅಡ್ಡದಾರಿ ಮಾಡಿಕೊಟ್ಟರೆ ಏನಾಗುತ್ತೆ ಅಂತ ನಾಯಿಗಳ ಮೇಲೆ ಮಾಡಿದ ಪ್ರಯೋಗದ ವರದಿ ಬರೆದರು. ಲೆಕ್ಕ ಸರಳ. ಊಟ ಹೀರೋ ಜಾಗಾನೇ ಕಮ್ಮಿ ಮಾಡಿದ್ರೆ ಮೈಗೆ ಹತ್ತೋದೂ ಕಮ್ಮಿ.

ಲಾಸ್ ಏಂಜಲೀಸ್‌ನಲ್ಲಿ ಹೊವಾರ್ಡ್ ಪೇನ್ ಮತ್ತು ಲೋರೆನ್ ಡಿವಿಂಡ್ ಇದನ್ನ ಮನುಷ್ಯರ ಮೇಲೆ ಒಂದು ಕಾರ್ಯಕ್ರಮದ ಹಾಗೆ ನಡೆಸಿದರು. 1963ರ ವರದಿಯಲ್ಲಿ 10 ಜನ. ಸಣ್ಣ ಕರುಳಿನ ಮೇಲ್ಭಾಗವನ್ನ ಸೀದಾ ದೊಡ್ಡ ಕರುಳಿಗೇ ಜೋಡಿಸಿದ್ದರು. ತೂಕ ಇಳೀತು, ಆದರೆ ನಿಲ್ಲದ ಭೇದಿ, ದೇಹದ ಲವಣಗಳೆಲ್ಲ ಏರುಪೇರು. ಕೊನೆಗೆ ಕರುಳನ್ನ ವಾಪಸ್ ಜೋಡಿಸಬೇಕಾಯ್ತು. ಜೋಡಿಸಿದ ಮೇಲೆ? ಇಳಿದ ತೂಕ ಪೂರ್ತಿ ವಾಪಸ್.

ಇದನ್ನ ನೆನಪಲ್ಲಿಟ್ಕೊಳ್ಳಿ. "ತೆಗೆಸಿಬಿಡು, ಸರಿಹೋಗುತ್ತೆ" ಅನ್ನೋ ಸಲಹೆ ಅಷ್ಟು ಸುಲಭದ್ದಲ್ಲ ಅಂತ 60 ವರ್ಷದ ಹಿಂದೇನೇ ಗೊತ್ತಾಗಿತ್ತು.

(3)
ಆಮೇಲೆ ಅದೇ ತಂಡ ಸುಧಾರಿಸಿದ ವಿಧಾನ ತಂತು. ಮೇಲಿನ 14 ಇಂಚು ಕರುಳು, ಕೆಳಗಿನ 4 ಇಂಚು ಕರುಳು, ಎರಡನ್ನೂ ಜೋಡಿಸು, ನಡುವಿನದ್ದು ಖಾಲಿ ಬಿಡು. ಸುಮಾರು 20 ಅಡಿ ಇರೋ ಕರುಳಲ್ಲಿ ಊಟ ಹೋಗೋ ದಾರಿ ಒಂದೂವರೆ ಅಡಿ! 1970ರ ದಶಕದಲ್ಲಿ ಸಾವಿರಾರು ಜನ ಇದನ್ನ ಮಾಡಿಸ್ಕೊಂಡರು, ಸಣ್ಣ ಆದರು, ಖುಷಿ ಪಟ್ಟರು. ವರ್ಷಗಳು ಕಳೆದ ಮೇಲೆ ಕಿಡ್ನಿಯಲ್ಲಿ ಕಲ್ಲು, ಕೀಲುನೋವು, ಕೆಲವರಿಗೆ ಲಿವರ್ ಕೈಕೊಟ್ಟು ಸಾವು. ಖಾಲಿ ಬಿಟ್ಟ ಕರುಳಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದು ಒಂದು ಕಾರಣ.

ಹೀಗೆ ಎರಡನೇ ಆಪರೇಷನ್ನಿನ ಮೊದಲ ದೊಡ್ಡ ಸಾಲು ಹುಟ್ಟಿತು. ಇವರು ಬಂದಿದ್ದು ತೂಕ ಹೆಚ್ಚಾಗಿ ಅಲ್ಲ, ಜೀವ ಉಳಿಸ್ಕೊಳ್ಳೋಕೆ. ಸುಮ್ಮನೆ ವಾಪಸ್ ಜೋಡಿಸಿದ್ರೆ ಮತ್ತೆ ತೂಕ ಬರುತ್ತೆ ಅಂತ ಎಷ್ಟೋ ಸರ್ಜನ್‌ಗಳು ಅದೇ ಹೊತ್ತಲ್ಲಿ ಜಠರದ ಮೇಲೆ ಬೇರೆ ಆಪರೇಷನ್ನೂ ಮಾಡ್ತಿದ್ದರು.

(4)
ಜಠರದ ಕಡೆಗೆ ತಿರುಗಿಸಿದವರು ಐಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪ ಆಗ್ತಾನೇ ಇರಲಿಲ್ಲ ಅನ್ನೋದನ್ನ ಅವರು ಗಮನಿಸಿದ್ದರು. 1966ರಲ್ಲಿ ಚಿಕಾಶಿ ಇಟೊ ಜೊತೆ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಮಜಾ ಏನಂದ್ರೆ, ಹಸಿವಿನ ಹಾರ್ಮೋನ್ ಗ್ರೆಲಿನ್ ಜಪಾನಿನಲ್ಲಿ ಪತ್ತೆ ಆಗಿದ್ದು 1999ರಲ್ಲಿ. ಅಂದ್ರೆ 33 ವರ್ಷ ಈ ಹಾರ್ಮೋನ್ ಇದೆ ಅಂತಾನೇ ಯಾರಿಗೂ ಗೊತ್ತಿಲ್ಲದೆ ಕತ್ತರಿಸಿ ಹೊಲೀತಿದ್ದರು.

ಮೇಸನ್ ಅಲ್ಲಿಗೇ ನಿಲ್ಲಲಿಲ್ಲ. ಬೈಪಾಸ್ ಕಷ್ಟದ ಕೆಲಸ, ಇನ್ನೂ ಸರಳವಾದದ್ದು ಬೇಕು ಅಂತ 1980ರಲ್ಲಿ ಹೊಸದೊಂದು ಶುರು ಮಾಡಿದರು. ಜಠರಕ್ಕೆ ಉದ್ದುದ್ದ ಪಿನ್ ಹೊಡೆದು ಸಣ್ಣ ಚೀಲ ಮಾಡೋದು, ಅದರ ಬಾಯಿಗೆ ಒಂದು ಪಟ್ಟಿ ಸುತ್ತೋದು. ಜನರ ಬಾಯಲ್ಲಿ ಇದು "ಹೊಟ್ಟೆಗೆ ಸ್ಟೇಪಲ್". ಆದರೆ ಜಠರವನ್ನ ಕತ್ತರಿಸಿ ಬೇರೆ ಮಾಡಿರಲಿಲ್ಲ, ಪಿನ್ ಸಾಲು ಮಾತ್ರ ತಡೆ. ಎಷ್ಟೋ ಜನರಲ್ಲಿ ಆ ಸಾಲು ಬಿಟ್ಟುಕೊಂಡಿತು. ಒಳಗಡೆ ಬಾಗಿಲು ತೆರೆದದ್ದು ಪಾಪ ಅವರಿಗೆ ಗೊತ್ತೇ ಇಲ್ಲ, ಹೊರಗಡೆ "ನಿನಗೆ ಕಂಟ್ರೋಲ್ ಇಲ್ಲ" ಅಂತ ಬೈಗುಳ. ಇನ್ನು ಕೆಲವರಿಗೆ ಪಟ್ಟಿ ಇರೋ ಜಾಗ ಬಿಗಿಯಾಗಿ ರೊಟ್ಟಿ, ಮಾಂಸ ಇಳೀತಿರಲಿಲ್ಲ, ಐಸ್‌ಕ್ರೀಮ್ ಮಿಲ್ಕ್‌ಶೇಕ್ ಆರಾಮಾಗಿ ಇಳೀತಿತ್ತು. ಮುಂದೇನಾಗುತ್ತೆ ಅಂತ ಹೇಳ್ಬೇಕಾ?

(5)
1986ರಲ್ಲಿ ಲುಬೊಮಿರ್ ಕುಜ್ಮಾಕ್ ಬಿಗಿ-ಸಡಿಲ ಮಾಡಬಹುದಾದ ಸಿಲಿಕೋನ್ ಬ್ಯಾಂಡ್ ತಂದರು. ಕತ್ತರಿಸೋದಿಲ್ಲ, ಹೊಲಿಯೋದಿಲ್ಲ, ಬೇಡ ಅಂದ್ರೆ ತೆಗೀಬಹುದು. 2001ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಮುಂದಿನ ಹತ್ತು ವರ್ಷ ಅದರದ್ದೇ ಹವಾ. ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘದ ಅಂದಾಜು ನೋಡಿ: 2011ರಲ್ಲಿ ಇಂಥ ಆಪರೇಷನ್‌ಗಳಲ್ಲಿ ಶೇ 35ರಷ್ಟು ಬ್ಯಾಂಡ್. 2018ಕ್ಕೆ ಶೇ 1! ಅದೇ ಅವಧಿಯಲ್ಲಿ ರಿವಿಷನ್ ಶೇ 6ರಿಂದ ಶೇ 15ಕ್ಕೆ ಏರಿತು. ಬ್ಯಾಂಡ್ ಜಾರೋದು, ಜಠರದೊಳಗೆ ಕೊರೆದುಕೊಂಡು ಹೋಗೋದು, ಅನ್ನನಾಳ ಊದೋದು. ಒಂದು ಪ್ರಾಡಕ್ಟ್ ಮಾರ್ಕೆಟ್‌ನಿಂದ ಹೋದ್ರೆ ನಮ್ಮ ಅಕೌಂಟೆನ್ಸಿಯಲ್ಲಿ ರೈಟ್ ಆಫ್ ಅಂತೀವಿ. ಇಲ್ಲಿ ಮಾತ್ರ ಪ್ರಾಡಕ್ಟ್ ಜನರ ಹೊಟ್ಟೆಯೊಳಗೇ ಉಳೀತು.

ನಮ್ಮ ದೊಡ್ಡಮ್ಮನ ಮಗಳು ಅಂಥವಳೊಬ್ಬಳು. 2010ರಲ್ಲಿ ಟೆಕ್ಸಾಸ್‌ನಲ್ಲಿ ಬ್ಯಾಂಡ್ ಹಾಕಿಸಿಕೊಂಡಳು. ಈಗ ರಾತ್ರಿ ಮಲಗಿದ್ರೆ ಹುಳಿನೀರು ಗಂಟಲಿಗೆ ಬರುತ್ತೆ, ತೂಕ ಅರ್ಧಕ್ಕರ್ಧ ವಾಪಸ್. ಕಳೆದ ವರ್ಷ ಗೃಹಪ್ರವೇಶಕ್ಕೆ ಊರಿಗೆ ಬಂದಾಗ ಪಂಕ್ತಿಯಲ್ಲೇ ಒಬ್ಬರು "ಅಷ್ಟು ದುಡ್ಡು ದಂಡ ಮಾಡ್ದೆಯಲ್ಲಮ್ಮ" ಅಂದರು. ಅಕ್ಕ ನಕ್ಕು ಸುಮ್ಮನಾದಳು, ಒಬ್ಬಟ್ಟು ಮುಟ್ಟಲಿಲ್ಲ. ಅವಳ ಮುಂದಿರೋ ಪ್ರಶ್ನೆ ಬ್ಯಾಂಡ್ ತೆಗೆಸಿ ಸುಮ್ಮನಿರೋದಾ, ಇಲ್ಲಾ ಬೈಪಾಸ್‌ಗೆ ಬದಲಾಯಿಸೋದಾ ಅಂತ. (ಆ ಖರ್ಚು ಸಂಕ್ ಕಾಸ್ಟ್. ಅದನ್ನ ನೋಡಿ ಮುಂದಿನ ನಿರ್ಧಾರ ಮಾಡೋ ಹಾಗಿಲ್ಲ ಅಂತ ಆ ಯಜಮಾನರಿಗೆ ಯಾರು ಹೇಳೋದು!)

(6)
ನಮ್ಮಲ್ಲೂ ಈಗ ಹೆಚ್ಚು ಕೇಳಿಬರೋ ಹೆಸರು ಸ್ಲೀವ್. ಜಠರದ ಮುಕ್ಕಾಲು ಭಾಗ ಕತ್ತರಿಸಿ ಬಾಳೆಕಾಯಿ ಆಕಾರದ ಕೊಳವೆ ಮಾಡೋದು. ಇದರ ಹುಟ್ಟೇ ವಿಚಿತ್ರ. 2000ದ ಆಸುಪಾಸಿನಲ್ಲಿ ನ್ಯೂಯಾರ್ಕ್‌ನಲ್ಲಿ ಮಿಷೆಲ್ ಗ್ಯಾನ್ಯೇ ತಂಡ ತುಂಬಾ ತೂಕ ಇರೋವರಿಗೆ ಒಂದೇ ಸಲಕ್ಕೆ ದೊಡ್ಡ ಆಪರೇಷನ್ ಅಪಾಯ ಅಂತ ಅದನ್ನ ಎರಡು ಕಂತು ಮಾಡಿತು. ಸ್ಲೀವ್ ಮೊದಲ ಕಂತು. ಕೆಲವರಿಗೆ ಅಷ್ಟರಲ್ಲೇ ಸಾಕಷ್ಟು ತೂಕ ಇಳೀತು, ಎರಡನೇ ಕಂತು ಬೇಕಾಗಲಿಲ್ಲ. ಅರ್ಧ ಆಪರೇಷನ್ನೇ ಪೂರ್ತಿ ಆಪರೇಷನ್ ಆಯ್ತು! ಹಾಗಾದ್ರೆ ಸ್ಲೀವ್ ಆದವರು ಮುಂದೊಂದು ದಿನ ಎದೆಯುರಿ ತಾಳಲಾರದೆ ಬೈಪಾಸ್‌ಗೆ ಬಂದರೆ ಅದನ್ನ ಸೋಲು ಅನ್ನೋದು ಹೇಗೆ?

(7)
ಒಂದು ಅಧ್ಯಯನದ ಲೆಕ್ಕ ಕೊಡ್ತೀನಿ, ಸೇವ್ ಮಾಡ್ಕೊಳ್ಳಿ. ಸ್ವೀಡನ್ 1987ರಲ್ಲಿ ಶುರು ಮಾಡಿ ಆಪರೇಷನ್ ಆದ 2,010 ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿತು. 15 ವರ್ಷದ ನಂತರವೂ ಬೈಪಾಸ್‌ನವರ ತೂಕ ಮೊದಲಿಗಿಂತ ಶೇ 27, ಸ್ಟೇಪಲ್‌ನವರದ್ದು ಶೇ 18, ಬ್ಯಾಂಡ್‌ನವರದ್ದು ಶೇ 13 ಕಮ್ಮಿ. ಆಪರೇಷನ್ ಆಗದವರಿಗಿಂತ ಸಾವೂ ಕಮ್ಮಿ. ಆದರೆ ಸುಮಾರು 26 ವರ್ಷ ನೋಡಿದಾಗ ಎರಡನೇ ಆಪರೇಷನ್ ಬೇಕಾದವರು: ಬ್ಯಾಂಡ್‌ನಲ್ಲಿ 100ಕ್ಕೆ ಸುಮಾರು 41, ಸ್ಟೇಪಲ್‌ನಲ್ಲಿ 28, ಬೈಪಾಸ್‌ನಲ್ಲಿ 8ಕ್ಕಿಂತ ಕಮ್ಮಿ. ಮೂರು ಗುಂಪಲ್ಲೂ ಇದ್ದವರು ಅದೇ ದೇಶದ, ಅದೇ ಥರದ ಜನ. ವ್ಯತ್ಯಾಸ ಇದ್ದಿದ್ದು ಆಪರೇಷನ್ನಿನಲ್ಲಿ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

(8)
ಹಾಗಂತ ರಿವಿಷನ್ ಅಂದ್ರೆ ಗಾಡಿ ಸರ್ವಿಸ್‌ಗೆ ಬಿಟ್ಟ ಹಾಗಲ್ಲ. ಒಂದ್ಸಲ ಕೊಯ್ದ ಜಾಗದಲ್ಲಿ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ, ರಕ್ತ ಓಡಾಟ ಬದಲಾಗಿರುತ್ತೆ, ಹೊಲಿಗೆ ಸೋರೋ ಅಪಾಯ ಮೊದಲ ಸಲಕ್ಕಿಂತ ಜಾಸ್ತಿ. ಅದಕ್ಕೇ ಮೊದಲು ಎಂಡೋಸ್ಕೋಪಿ, ಬೇರಿಯಂ ಕುಡಿಸಿ ಎಕ್ಸ್‌ರೇ, ಒಳಗೆ ನಿಜವಾಗಿ ಏನಾಗಿದೆ ಅಂತ ನೋಡ್ತಾರೆ. ಈಗ ಮೂರನೇ ದಾರಿಯೂ ಇದೆ. 2025ರಲ್ಲಿ ಭಾರತಕ್ಕೂ ಬಂದ ಮೌಂಜಾರೋ, ವೆಗೋವಿ ಇಂಜೆಕ್ಷನ್‌ಗಳು. ತೂಕ ಮಾತ್ರ ಸಮಸ್ಯೆ ಆಗಿದ್ರೆ ಔಷಧಿಯಿಂದ ಕೆಲಸ ಆಗಬಹುದು. ಕೊರೆದುಕೊಂಡು ಹೋದ ಬ್ಯಾಂಡನ್ನ ಇಂಜೆಕ್ಷನ್ ಸರಿಮಾಡಲ್ಲ.

ಇನ್ಶೂರೆನ್ಸ್ ಪೇಪರ್ ಓದ್ತಿರೋರಿಗೆ ಒಂದು ಮಾತು. ನಮ್ಮ ಐಆರ್‌ಡಿಎಐ 2019ರ ಮಾರ್ಗಸೂಚಿಯ ಎಕ್ಸ್‌ಕ್ಲೂಷನ್ ಕೋಡ್ 06 ನೋಡಿ. ಬಿಎಂಐ 40, ಇಲ್ಲವೇ 35 ಜೊತೆಗೆ ಗಂಭೀರ ಕಾಯಿಲೆ ಅಂತ ಇದೆ. ನನಗೆ ಅದು ಮೊದಲ ಆಪರೇಷನ್ ಮಾತ್ರ ಮನಸಲ್ಲಿಟ್ಟು ಬರೆದ ಹಾಗೆ ಕಾಣುತ್ತೆ. ಬಿಎಂಐ 32 ಇದ್ದು, ಹಳೇ ಸ್ಲೀವ್‌ನಿಂದ ರಾತ್ರಿಯಿಡೀ ಎದೆಯುರಿಯಲ್ಲಿ ಕೂರೋವರು ಯಾವ ಕಾಲಮ್ಮಿಗೆ ಬರ್ತಾರೆ?

ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಆಪರೇಷನ್ ಆಗಿದ್ರೆ ಆ ಫೈಲ್, ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್ ಹುಡುಕಿ ಫೋಟೋ ತೆಗೆದಿಟ್ಕೊಳ್ಳಿ. ಎರಡನೇ ಸರ್ಜನ್ ಮೊದಲು ಕೇಳೋದೇ ಅದನ್ನ. ಅಕ್ಕ ಅವಳದ್ದನ್ನ ಹುಡುಕೋಕೆ ಇನ್ನೂ ಇಮೇಲ್ ಮೇಲೆ ಇಮೇಲ್ ಹಾಕ್ತಿದ್ದಾಳೆ.

ಮುಂದಿನ ವಾರ: ಇನ್ಸುಲಿನ್ ಕಥೆ.