ಪತ್ರಿಕೆ ಯಾರದು? ‘ಮಂಗಳೂರ ಸಮಾಚಾರ’ ಮತ್ತು ಸಭೆಯ ನೆರೆಹೊರೆ

ಕನ್ನಡ ಸತ್ಯವೇದವನ್ನು ಓದಿ ಬೆಳೆದ ನಮಗೆ ‘ಪತ್ರಿಕೆ’ ಎಂಬುದು ಎರಡು ಅರ್ಥಗಳುಳ್ಳ ಮಾತು. ಪೌಲನು ಸಭೆಗಳಿಗೆ ಬರೆದುದೂ ಪತ್ರಿಕೆ, ಬೆಳಗಾದರೆ ಮನೆಬಾಗಿಲಿಗೆ ಬರುವುದೂ ಪತ್ರಿಕೆ. ಈ ಎರಡು ಅರ್ಥಗಳು ಒಂದೇ ಹಾಳೆಯ ಮೇಲೆ ಕೂಡಿಬಂದ ಸಂದರ್ಭವೊಂದು ನಮ್ಮ ಸಭಾಚರಿತ್ರೆಯಲ್ಲಿದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಹೊರತಂದ ‘ಮಂಗಳೂರ ಸಮಾಚಾರ’ವೇ ಅದು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ನಾಡು ಅದನ್ನು ಗೌರವಿಸುತ್ತಿದೆ; ಜುಲೈ 1 ಇಂದಿಗೂ ಪತ್ರಿಕಾ ದಿನವಾಗಿದೆ. ಆದರೆ ಮೊದಲನೆಯದೆಂಬ ಹೆಮ್ಮೆಗಿಂತ, ಅದು ಯಾರಿಂದಾಯಿತು, ಯಾರಿಗಾಗಿ ಆಯಿತು ಎಂಬ ಪ್ರಶ್ನೆಯೇ ನಮಗೆ ಹೆಚ್ಚು ಮುಖ್ಯವಾದುದು.

ಮೋಗ್ಲಿಂಗ್ ಅವರು ಮಂಗಳೂರಿಗೆ ಬಂದದ್ದು 1836ರ ಕೊನೆಯಲ್ಲಿ. ಮರುವರ್ಷದ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ಬಂಡಾಯಗಾರರು ಪಟ್ಟಣವನ್ನು ಹಿಡಿದು ಸುಮಾರು ಎರಡು ವಾರ ತಮ್ಮ ವಶದಲ್ಲಿಟ್ಟುಕೊಂಡರು. ಅಂಥ ಕಾಲದಲ್ಲಿ ಬಾಯಿಂದ ಬಾಯಿಗೆ ಹರಿಯುವ ಸುದ್ದಿಗೆ ಎಷ್ಟು ಬಲವಿರುತ್ತದೆಂಬುದನ್ನು ಊಹಿಸಬಹುದು. ಇತ್ತ ಕಂಪೆನಿ ಸರಕಾರದ ನಿರೂಪಗಳು ಕಚೇರಿಯಿಂದ ಹೊರಟು ಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಶಾನುಭೋಗನ ಅಥವಾ ಪಟೇಲನ ಮಾತಾಗಿ ಮಾರ್ಪಡುತ್ತಿದ್ದವು. 1843ರ ಏಪ್ರಿಲಿನಲ್ಲಿಯೇ ಕಂಪೆನಿ ಆಳ್ವಿಕೆಯ ಪ್ರದೇಶಗಳಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕುವ ಕಾಯಿದೆ ಬಂದಿತು. ಒಡೆಯನ ಗದ್ದೆಯಲ್ಲಿ ಪೀಳಿಗೆಗಳಿಂದ ದುಡಿಯುತ್ತಿದ್ದವನಿಗೆ ಆ ಸುದ್ದಿ ತಲಪದಿದ್ದರೆ ಕಾಯಿದೆ ಇದ್ದೂ ಇಲ್ಲದಂತೆಯೇ ಸರಿ. ತಿಳಿವಳಿಕೆಯನ್ನು ಹಂಚುವುದು ಅಂದು ಬರಿಯ ಕುತೂಹಲ ತಣಿಸುವ ಕೆಲಸವಾಗಿರಲಿಲ್ಲ. ಅದು ಬಡವನ ಬಾಳಿಗೆ ಸಂಬಂಧಪಟ್ಟ ಸೇವೆಯಾಗಿತ್ತು.

ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಈ ಪತ್ರಿಕೆಯ ವಿಷಯಗಳನ್ನು ಗಮನಿಸಬೇಕು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ನೀತಿಯ ಮಾತುಗಳು, ಕಥೆಗಳು ಇವೆಲ್ಲವೂ ಅದರಲ್ಲಿದ್ದವು. ಪುರಂದರದಾಸರ ಪದಗಳಿಗೂ ಮಿಷನರಿಯ ಪತ್ರಿಕೆಯಲ್ಲಿ ಸ್ಥಳವಿತ್ತು. ಇವುಗಳ ಜೊತೆಗೆ, ಓದುಗರು ಬರೆದು ಕಳುಹಿಸಿದ ವರ್ತಮಾನಗಳಿಗೂ ಅದು ಬಾಗಿಲು ತೆರೆದಿತ್ತು. ಸುದ್ದಿಯನ್ನು ಪಡೆಯುವವನೇ ಸುದ್ದಿಯನ್ನು ಕೊಡುವವನೂ ಆಗಬಹುದಾಗಿತ್ತು. ಅಲ್ಲದೆ ಅದು ಕಲ್ಲಚ್ಚಿನಲ್ಲಿ ಮುದ್ರಿತವಾದದ್ದು. ಬರಹಗಾರನು ಜಿಡ್ಡಿನ ಶಾಯಿಯಿಂದ ಕೈಯಾರೆ ಬರೆದುದನ್ನು ಕಲ್ಲಿನ ಮೇಲಿಳಿಸಿ ಪ್ರತಿಗಳನ್ನು ತೆಗೆಯುವ ವಿಧಾನವದು. ನಾವು ಒಬ್ಬ ಸಂಪಾದಕನ ಹೆಸರನ್ನು ಸ್ಮರಿಸುತ್ತೇವೆ. ಆದರೆ ಪುಟದ ಒಂದೊಂದು ಅಕ್ಷರವೂ ಬರಹಗಾರನ ಕೈಯದು, ಒಂದೊಂದು ಪ್ರತಿಯೂ ಕಲ್ಲಿನ ಬಳಿ ನಿಂತು ದುಡಿದವರದು. ಪತ್ರಿಕೆಯು ಹುಟ್ಟಿನಿಂದಲೇ ಹಲವರ ಕೂಡುಕೆಲಸವಾಗಿತ್ತು.

1844ರಲ್ಲಿ ಪತ್ರಿಕೆ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದಿತು. ಓದುಗರ ವಲಯ ವಿಸ್ತಾರವಾಯಿತು. ಆದರೂ ಅದು ಬಹುಕಾಲ ಬಾಳಲಿಲ್ಲ. ಮೂರು ವರ್ಷಗಳ ಬಳಿಕ, 1847ರಲ್ಲಿ, ಮೋಗ್ಲಿಂಗ್ ಅವರ ಮಿತ್ರರೂ ಅದೇ ಮಿಷನ್ನಿನವರೂ ಆದ ಹರ್ಮನ್ ಗುಂಡರ್ಟ್ ಅವರು ತಲಶ್ಶೇರಿಯಲ್ಲಿ ಮಲಯಾಳದ ಎರಡು ಪತ್ರಿಕೆಗಳನ್ನು ಆರಂಭಿಸಿದರು. ‘ರಾಜ್ಯಸಮಾಚಾರಂ’ ಧರ್ಮಬೋಧೆಗೆ, ‘ಪಶ್ಚಿಮೋದಯಂ’ ಭೂಗೋಳ, ಚರಿತ್ರೆ ಮೊದಲಾದ ಲೋಕಜ್ಞಾನಕ್ಕೆ ಮೀಸಲಾದವು. ಗುಂಡರ್ಟ್ ಅವರು ಬೇರ್ಪಡಿಸಿದ್ದನ್ನು ಮೋಗ್ಲಿಂಗ್ ಅವರು ಒಂದರಲ್ಲಿಯೇ ಕೂಡಿಸಿದ್ದರು. ಬೇರ್ಪಟ್ಟಾಗ ಓದುಗನಿಗೆ ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯುತ್ತದೆ. ಕೂಡಿದಾಗ ಸುವಾರ್ತೆಯು ಊರಿನ ಕಷ್ಟಸುಖಗಳ ನಡುವೆಯೇ ನಿಲ್ಲಬೇಕಾಗುತ್ತದೆ. ಎರಡರಲ್ಲಿಯೂ ಗುಣವಿದೆ, ಅಪಾಯವೂ ಇದೆ.

ಆ ಅಪಾಯವನ್ನು ನಾವು ಮರೆಮಾಚಬಾರದು. ಮುದ್ರಣಯಂತ್ರ ಮಿಷನ್ನಿನದು; ನಿರೂಪಗಳು ಆಳುವವರವು; ಯಾವುದು ಸುದ್ದಿ, ಯಾವುದು ಸುಬುದ್ಧಿ ಎಂದು ತೀರ್ಮಾನಿಸುವ ಅಧಿಕಾರ ಪರದೇಶದಿಂದ ಬಂದ ಒಬ್ಬ ಬೋಧಕನ ಕೈಯಲ್ಲಿತ್ತು. ಸೇವೆಯು ಮತಾಂತರದ ಬಲೆಯೇ ಎಂಬ ಸಂದೇಹ ಅಂದಿನಿಂದ ಇಂದಿನವರೆಗೂ ನಮ್ಮನ್ನು ಬೆನ್ನಟ್ಟಿ ಬಂದಿದೆ. ಅದಕ್ಕೆ ವಾದದಿಂದ ಉತ್ತರ ಕೊಡಲಾಗದು. ಓದುಗನು ಯಾವ ಮತದವನಾದರೂ ಅವನಿಗೆ ಬೇಕಾದ ತಿಳಿವಳಿಕೆಯನ್ನು ಪ್ರತಿಫಲ ಬಯಸದೆ, ಸತ್ಯವಾಗಿ ತಲಪಿಸುವುದೊಂದೇ ಉತ್ತರ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವವರ ವಿಧವೆಯರು ದಿನದಿನದ ಉಪಚಾರದಲ್ಲಿ ಅಲಕ್ಷ್ಯಕ್ಕೊಳಗಾದರೆಂಬ ಗುಣುಗುಟ್ಟುವಿಕೆ ಎದ್ದಿತು. ಹಂಚುವ ವ್ಯವಸ್ಥೆಯೇನೋ ಇತ್ತು. ಆದರೆ ಬೇರೆ ಭಾಷೆಯವರು ಅದರ ಅಂಚಿನಲ್ಲಿ ಉಳಿದರು. ಸಭೆಯು ಆ ದೂರನ್ನು ಕೇಳಿಸಿಕೊಂಡು ಏಳು ಮಂದಿಯನ್ನು ನೇಮಿಸಿತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿಯಾದರೋ, ಒಂದು ಸಭೆಯಲ್ಲಿ ಓದಿದ್ದನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕು, ಅಲ್ಲಿಂದ ಬರುವುದನ್ನು ಇಲ್ಲಿಯೂ ಓದಬೇಕು ಎಂಬ ಅಪ್ಪಣೆಯಿದೆ. ಪತ್ರಿಕೆಯು ಕೈದಾಟುತ್ತ ಹೋಗಬೇಕಾದುದು, ಎರಡೂ ಕಡೆಯಿಂದ ಹರಿಯಬೇಕಾದುದು.

ಈ ಬೆಳಕಿನಲ್ಲಿ ನಮ್ಮ ಸಭಾಪತ್ರಿಕೆಗಳನ್ನು ತೆರೆದು ನೋಡೋಣ. ಜನ್ಮದಿನಗಳು, ಕಾಣಿಕೆಯ ಲೆಕ್ಕ, ವಾರ್ಷಿಕೋತ್ಸವದ ಚಿತ್ರಗಳು: ಇವು ಬೇಡವೆಂದಲ್ಲ. ಆದರೆ ವಿಧವಾ ವೇತನಕ್ಕೆ ಅರ್ಜಿ ಎಲ್ಲಿ ಕೊಡಬೇಕು, ವಿದ್ಯಾರ್ಥಿವೇತನಕ್ಕೆ ಕೊನೆಯ ದಿನ ಯಾವುದು, ಊರಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು ಎಂದು, ಮುಪ್ಪಿನಲ್ಲಿ ಒಂಟಿಯಾದವರಿಗೆ ಯಾರು ಆಸರೆ ಎಂಬ ನಾಲ್ಕು ಸಾಲುಗಳು ಅದರಲ್ಲಿವೆಯೇ? ಇದ್ದರೂ ಅವನ್ನು ಸಭೆಯ ಸದಸ್ಯರಲ್ಲದ ನೆರೆಮನೆಯವರು ಓದಬಲ್ಲರೇ? ಆ ಸಾಲುಗಳನ್ನು ಬರೆಯಲು ಆಶಾ ಕಾರ್ಯಕರ್ತೆಯನ್ನೋ ಶಾಲೆಯ ಮಾಸ್ತರರನ್ನೋ ನಾವು ಕೇಳಿಕೊಂಡಿದ್ದೇವೆಯೇ?

‘ಮಂಗಳೂರ ಸಮಾಚಾರ’ದ ಆಯುಸ್ಸು ಒಂದೆರಡು ವರ್ಷಗಳೊಳಗೇ ಮುಗಿಯಿತು. ಅದು ಊರಿನ ಹೆಸರನ್ನು ಹೊತ್ತು ಹುಟ್ಟಿತು. ಮಿಷನ್ನಿನ ಹೆಸರನ್ನಾಗಲಿ ಸಭೆಯ ಹೆಸರನ್ನಾಗಲಿ ತಲೆಯ ಮೇಲೆ ಬರೆದುಕೊಳ್ಳಲಿಲ್ಲ. ನಾಳೆ ಸಭಾಪಾಲಕರಾಗಿ ಊರೂರುಗಳಿಗೆ ಹೋಗಲಿರುವ ನಾವು ಅಲ್ಲಿಂದ ಕಲಿಯಬೇಕಾದ ಮೊದಲ ಪಾಠ ಆ ಹೆಸರಿನಲ್ಲಿಯೇ ಇದೆ.